ದೋಷ ಸೊನ್ನೆ ಎಂದ ತಂತ್ರಾಂಶಕ್ಕೆ ನಿಮ್ಮ ಪಂಪ್‌ಶೆಡ್ ಗೊತ್ತಿಲ್ಲ

ಪ್ರಶ್ನೆ: ಸಿದ್ದಾಪುರದ ಬಳಿ ನಮ್ಮದು ರೊಬಸ್ಟಾ ತೋಟ. ಎಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಬೆಂಗಳೂರಿನಲ್ಲಿದ್ದು ಊರಿಗೆ ಮರಳಿದ್ದೇನೆ. ಕೆರೆ ದಡದ 10 ಎಚ್‌ಪಿ ತ್ರೀ ಫೇಸ್ ಪಂಪನ್ನು ಮೊಬೈಲಿನಿಂದ ಚಾಲೂ ಮಾಡುವ, ಒಂದು ಫೇಸ್ ಹೋದರೆ ತಾನಾಗಿ ನಿಲ್ಲಿಸುವ ಸರ್ಕ್ಯೂಟನ್ನು ಜೀರೋ ಬೋರ್ಡ್ ಮೇಲೆ ಬೆಸೆದು, ಈ ಸಲ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಬಳಸಿದೆ. ಚೆನ್ನಾಗಿ ಕೆಲಸ ಮಾಡಿತು. ಅಕ್ಕಪಕ್ಕದ ತೋಟದವರೂ ಕೇಳುತ್ತಿರುವುದರಿಂದ ಕಿಕ್ಯಾಡ್ ತಂತ್ರಾಂಶದಲ್ಲಿ ಎರಡು ಪದರದ ಪಿಸಿಬಿ (ಮುದ್ರಿತ ಸರ್ಕ್ಯೂಟ್ ಬೋರ್ಡ್) ವಿನ್ಯಾಸ ಮಾಡಿ, 25 ಬೋರ್ಡ್‌ಗಳಿಗೆ ಫೈಲ್ ಕಳಿಸಿದೆ. ತಂತ್ರಾಂಶವೇ ವಿನ್ಯಾಸದ ನಿಯಮಗಳನ್ನು ಪರೀಕ್ಷಿಸುವ ಡಿಆರ್‌ಸಿಯಲ್ಲಿ ಒಂದೂ ದೋಷವಿರಲಿಲ್ಲ. ಆದರೂ ಕಾರ್ಖಾನೆಯವರು ಕೆಲಸ ನಿಲ್ಲಿಸಿ ನಾಲ್ಕು ಪ್ರಶ್ನೆ ಕೇಳಿದ್ದಾರೆ. ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚಾದ ರಿಲೇ ಕೆಳಗಿನ ಗೆರೆ ಕೊರೆಯಬೇಕಾದ ಸೀಳೋ, ಬರೀ ಗುರುತೋ? ಡ್ರಿಲ್ ಫೈಲ್ ಮೂರು ಕಡೆ ತಾಮ್ರದ ಪದರಕ್ಕೆ ಹೊಂದುತ್ತಿಲ್ಲ, ಯಾವುದು ಸರಿ? ಅಂಚಿನಿಂದ 0.1 ಮಿ.ಮೀ. ದೂರದಲ್ಲೇ ತಾಮ್ರವಿದೆ, ಹಿಂದೆ ಸರಿಸಬಹುದೇ? ಮೇಲ್ಮೈ ಲೇಪನ ಯಾವುದು? ಚಿನ್ನದ ಲೇಪನ ಮತ್ತು ದಪ್ಪ ತಾಮ್ರ ಹಾಕಿಸಿದರೆ ನಮ್ಮ ಮಳೆಗೂ ಹೆದರಬೇಕಿಲ್ಲ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ತಾಮ್ರದ ಗೆರೆಗಳಾದ ಟ್ರ್ಯಾಕ್‌ಗಳಲ್ಲಿ 90 ಡಿಗ್ರಿ ತಿರುವು ಇರಲೇಬಾರದು ಎನ್ನುತ್ತಾನೆ ಇನ್ನೊಬ್ಬ. ಐದೇ ಮಾಡಿಸಿದರೆ ಒಂದೊಂದರ ಬೆಲೆ ತುಂಬಾ ಹೆಚ್ಚು. ಹಾಕಿದ ಹಣ ನೀರಿಗೆ ಹೋಗುವುದೇ ಎಂಬ ಭಯ. ಏನು ಮಾಡಲಿ?

ಉತ್ತರ: ಕಾರ್ಖಾನೆ ಕೆಲಸ ನಿಲ್ಲಿಸಿದ್ದು ನಿಮಗೆ ಹಿನ್ನಡೆಯಾಗಿ ಕಂಡಿದೆ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಸಮಾಧಾನ ತಂದ ಸಾಲು ಅದೇ. ಪೀಣ್ಯದ ಪಿಸಿಬಿ ಘಟಕವೊಂದರಲ್ಲಿ ಗಿರಾಕಿಗಳ ಫೈಲ್ ಬಿಚ್ಚಿ ನೋಡುವ ವಿಭಾಗದಲ್ಲಿ ನಾನು ಹದಿನಾಲ್ಕು ವರ್ಷ ಕುಳಿತಿದ್ದೇನೆ. ಪ್ರಶ್ನೆ ಕೇಳದೆ ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕಿ ಕೊಡುವ ಕಡೆಗಳೂ ಇವೆ. ನಿಮಗೆ ಕೇಳುವವರು ಸಿಕ್ಕಿದ್ದಾರೆ. ಅವರ ನಾಲ್ಕು ಪ್ರಶ್ನೆಗಳಲ್ಲಿ ಎರಡು ಚಿಕ್ಕವು, ಒಂದು ದೊಡ್ಡದು. ಮತ್ತೊಂದು ನಿಮ್ಮ ಜೀವಕ್ಕೆ, ನೆರೆಯವರ ಜೀವಕ್ಕೆ ಸಂಬಂಧಿಸಿದ್ದು. ನಾನು ಹೆಚ್ಚು ಹೊತ್ತು ನಿಲ್ಲುವುದು ಆ ಕೊನೆಯದರ ಬಳಿ.

ಮೊದಲು ಡಿಆರ್‌ಸಿ. ನೀವು ಕೊಟ್ಟ ನಿಯಮಗಳನ್ನು ನೀವೇ ಮೀರಿದ್ದೀರಾ ಎಂದು ಅದು ನೋಡುತ್ತದೆ, ಅಷ್ಟೇ. ಆ ನಿಯಮಗಳು ಕಾರ್ಖಾನೆಯ ಯಂತ್ರಕ್ಕೆ ಸರಿಯೋ, ಆ ಬೋರ್ಡ್ ಬದುಕಬೇಕಾದ ಜಾಗಕ್ಕೆ ಸರಿಯೋ ಎಂಬುದು ಅದಕ್ಕೆ ತಿಳಿಯದು. ಅಂಚಿನಿಂದ 0.1 ಮಿ.ಮೀ. ದೂರದಲ್ಲಿ ತಾಮ್ರವಿದ್ದೂ ದೋಷ ಸೊನ್ನೆ ಬಂದಿದೆ ಎಂದರೆ, ಎಲ್ಲೋ ಆ ಅಂತರದ ನಿಯಮವನ್ನು ಸಡಿಲಿಸಿಟ್ಟಿದ್ದೀರಿ. ಬೋರ್ಡ್‌ನ ಹೊರಅಂಚನ್ನು ಕತ್ತರಿಸುವುದು ಗಿರಗಿರನೆ ತಿರುಗುವ ಉಳಿ. ಅದು ಕೂದಲೆಳೆಯಷ್ಟು ಒಳಗೆ ಬಂದರೂ ತಾಮ್ರ ಹರಿದು ಎಳೆಯಾಗಿ ನಿಲ್ಲುತ್ತದೆ. ಉಳಿಯಿಂದ ಕತ್ತರಿಸುವುದಾದರೆ ಕನಿಷ್ಠ 0.3, ಗೀರು ಹಾಕಿ ಮುರಿಯುವುದಾದರೆ 0.5 ಮಿ.ಮೀ. ಬಿಡಿ. ಸಾಮಾನ್ಯ ದರದ ಕೆಲಸಕ್ಕೆ ಟ್ರ್ಯಾಕ್ ಅಗಲ ಮತ್ತು ನಡುವಿನ ಅಂತರ 0.15, ಕನಿಷ್ಠ ತೂತು 0.3, ತೂತಿನ ಸುತ್ತ ಉಳಿಯುವ ತಾಮ್ರದ ಬಳೆ 0.15 ಮಿ.ಮೀ. ಎಂದಿಟ್ಟುಕೊಳ್ಳಿ. ಇವು ಕನಿಷ್ಠ ಮಿತಿಗಳು. ನಿಮ್ಮ ಬೋರ್ಡ್‌ನಲ್ಲಿ ಜಾಗ ಬೇಕಾದಷ್ಟಿರುವಾಗ 0.25 ಇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಡ್ರಿಲ್ ಫೈಲ್ ಹೊಂದದಿರುವ ಪ್ರಶ್ನೆ ದೊಡ್ಡದು. ಏಕೆಂದರೆ ಅದು ನಿಮ್ಮ ಕೆಲಸದ ಕ್ರಮವನ್ನೇ ತೋರಿಸುತ್ತಿದೆ. ನಿಮ್ಮ ಸರ್ಕ್ಯೂಟ್ ಕಾರ್ಖಾನೆಗೆ ಹೋಗುವುದೇ ಇಲ್ಲ. ಹೋಗುವುದು ಕೆಲವು ಚಿತ್ರಗಳು: ಮೇಲಿನ ತಾಮ್ರ, ಕೆಳಗಿನ ತಾಮ್ರ, ಎರಡು ಬದಿಯ ಹಸಿರು ಮಾಸ್ಕ್ ಪದರ, ಅಕ್ಷರಗಳು, ಹೊರರೇಖೆ. ಇವು ಗರ್ಬರ್ ಫೈಲ್‌ಗಳು. ತೂತುಗಳ ಪಟ್ಟಿ ಬೇರೆಯೇ ಒಂದು ಫೈಲ್. ಎಲ್ಲವೂ ಒಂದೇ ದಿನ, ಒಂದೇ ವಿನ್ಯಾಸದಿಂದ ಹುಟ್ಟಿದವು ಎಂಬ ಭರವಸೆ ಆ ಚಿತ್ರಗಳೊಳಗೆ ಇಲ್ಲ. ಮೂರೇ ಕಡೆ ಹೊಂದುತ್ತಿಲ್ಲ, ಉಳಿದೆಡೆ ಸರಿಯಿದೆ ಎಂದರೆ ಅಳತೆಯ ಏಕಮಾನದ ಗೊಂದಲ ಅಲ್ಲ. ಇಂಚು, ಮಿಲಿಮೀಟರ್ ಅದಲುಬದಲಾಗಿದ್ದರೆ ಎಲ್ಲ ತೂತುಗಳೂ ದಿಕ್ಕೆಟ್ಟಿರುತ್ತಿದ್ದವು. ನೀವು ಕೊನೆಯ ಗಳಿಗೆಯಲ್ಲಿ ಮೂರು ಬಿಡಿಭಾಗಗಳನ್ನು ಸರಿಸಿ, ಗರ್ಬರ್ ಹೊಸದಾಗಿ ತೆಗೆದು, ಡ್ರಿಲ್ ಫೈಲ್ ಹಳೆಯದನ್ನೇ ಸೇರಿಸಿದ್ದೀರಿ ಎನ್ನುವುದೇ ನನ್ನ ಊಹೆ. ಔಟ್‌ಪುಟ್ ಫೋಲ್ಡರನ್ನು ಪೂರ್ತಿ ಅಳಿಸಿ, ತಾಮ್ರದ ತುಂಬುಪ್ರದೇಶಗಳನ್ನು ಮತ್ತೊಮ್ಮೆ ತುಂಬಿಸಿ, ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ತೆಗೆಯಿರಿ. ಆಮೇಲೆ ಕಿಕ್ಯಾಡ್ ಅಲ್ಲದ ಬೇರೊಂದು ಗರ್ಬರ್ ವೀಕ್ಷಕದಲ್ಲಿ ತೆರೆದು, ಪದರದ ಮೇಲೆ ಪದರ ಇಟ್ಟು ನೋಡಿ. ಬರೆದ ತಂತ್ರಾಂಶವೇ ಓದಿದರೆ ತನ್ನ ತಪ್ಪನ್ನು ತಾನೇ ಸರಿಯೆಂದು ಓದಿಬಿಡಬಹುದು.

ಈಗ ಆ ಸೀಳಿನ ಪ್ರಶ್ನೆ. ಪೀಣ್ಯದಲ್ಲಿದ್ದಾಗ ಒಮ್ಮೆ ಇಂಥದೇ ಒಂದು ಗೆರೆ ಇನ್ನೂರು ಬೋರ್ಡ್‌ಗಳನ್ನು ಕಸಕ್ಕೆ ಕಳಿಸಿದ್ದನ್ನು ಕಂಡಿದ್ದೇನೆ. ಗಿರಾಕಿ ಸೀಳನ್ನು ಹೊರರೇಖೆಯ ಪದರದಲ್ಲಿ ಬರೆಯದೆ ಟಿಪ್ಪಣಿಯ ಪದರದಲ್ಲಿ ಬರೆದಿದ್ದರು. ಆ ಪದರ ಕಾರ್ಖಾನೆಗೆ ಬರಲೇ ಇಲ್ಲ. ನಿಮ್ಮ ಗೆರೆಯಾದರೂ ಅವರ ಕಣ್ಣಿಗೆ ಬಿದ್ದಿದೆ. ಅದನ್ನು ಹೊರರೇಖೆಯ ಪದರದಲ್ಲೇ ಎರಡೂ ತುದಿ ಕೂಡಿದ ಆಕಾರವಾಗಿ ಬರೆಯಿರಿ. ಒಂಟಿ ಗೆರೆಗೆ ಅಗಲ ಎಷ್ಟೆಂದು ಯಾರೂ ಹೇಳಲಾರರು.

ಆದರೆ ಸೀಳು ಏಕೆ ಬೇಕು, ಎಷ್ಟು ಬೇಕು ಎಂಬುದನ್ನು ನೀವು ಲೆಕ್ಕ ಹಾಕಿದಂತಿಲ್ಲ. ಪತ್ರದ ಜತೆಗಿನ ಚಿತ್ರದಲ್ಲಿ ನೀವು ಬಳಸಿರುವುದು ಎಲ್ಲೆಡೆ ಸಿಗುವ ಸಕ್ಕರೆ ಘನದಂಥ ನೀಲಿ ರಿಲೇ. ಅದರ ಕಾಲುಗಳ ಜೋಡಣೆಯನ್ನು ಒಮ್ಮೆ ಗಮನಿಸಿ. ರಿಲೇಯನ್ನು ಎಳೆಯುವ ತಂತಿಸುರುಳಿ, ಅಂದರೆ ಕಾಯಿಲ್‌ನ ಎರಡು ಕಾಲುಗಳ ನಡುವೆಯೇ ಸಂಪರ್ಕದ ಕಾಮನ್ ಕಾಲು ಬಂದು ಕೂತಿದೆ. ಕೇಂದ್ರದಿಂದ ಕೇಂದ್ರಕ್ಕೆ ಆರು ಮಿ.ಮೀ.ಗಿಂತ ತುಸು ಹೆಚ್ಚು. ಕಾಲು ಬೆಸೆಯುವ ತಾಮ್ರದ ಪ್ಯಾಡ್‌ಗಳ ಅಗಲ ಕಳೆದರೆ ನಾಲ್ಕು ಮಿ.ಮೀ. ಕೂಡ ಉಳಿಯುವುದಿಲ್ಲ. ಒಂದು ಬದಿಯಲ್ಲಿ ಲೈನ್ ವಿದ್ಯುತ್, ಇನ್ನೊಂದು ಬದಿಯಲ್ಲಿ ನೀವು ಬೆರಳಿಟ್ಟು ಸಿಮ್ ಬದಲಿಸುವ ಸರ್ಕ್ಯೂಟ್.

ವಿದ್ಯುತ್ ನಿರೋಧದ ಅಂತರಗಳಿಗೆ ಐಇಸಿ 60664 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದು ಜಾಗದ ಕೊಳೆ ಮತ್ತು ತೇವವನ್ನು ಹಂತಗಳಾಗಿ ವಿಂಗಡಿಸುತ್ತದೆ. ಮನೆ, ಕಚೇರಿಯ ಒಳಗಿನ ಸಾಧನಗಳಿಗೆ ಎರಡನೆಯ ಹಂತ. ಬೋರ್ಡ್ ಮೇಲೆ ಇಬ್ಬನಿ ಕಟ್ಟುವ, ತೇವದ ಧೂಳು ಕೂರುವ ಜಾಗಕ್ಕೆ ಮೂರನೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕೆರೆ ದಡದ ಪಂಪ್‌ಶೆಡ್‌ಗೆ ಮೂರನೆಯದಲ್ಲದೆ ಬೇರೆ ಹಂತ ಹೊಂದದು. ಗಾಜಿನ ನಾರಿನ ಎಫ್‌ಆರ್-4 ಹಲಗೆಯ ಮೇಲೆ 250 ವೋಲ್ಟ್‌ಗೆ ಮೂಲಭೂತ ನಿರೋಧಕ್ಕಾಗಿ ಮೇಲ್ಮೈ ಗುಂಟ ಎರಡನೆಯ ಹಂತದಲ್ಲಿ 2.5 ಮಿ.ಮೀ. ಸಾಕು. ಮೂರನೆಯ ಹಂತದಲ್ಲಿ 4 ಬೇಕು. ಮನುಷ್ಯರು ಮುಟ್ಟುವ ಬದಿಗೆ ಅದರ ಇಮ್ಮಡಿ, 8. ಎರಡು ಫೇಸ್‌ಗಳ ನಡುವೆ 6.3. ಅಂತರಜಾಲದ ಉದಾಹರಣೆಗಳಲ್ಲಿ ಕಾಣುವ ಅಂತರ ಹೆಚ್ಚಾಗಿ ಎರಡನೆಯ ಹಂತದ್ದು. ಒಣ ಕೋಣೆಯಲ್ಲಿ ಅದು ತಪ್ಪಲ್ಲ. ಕಡುಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಕಡೆ ಅದು ಸಾಲದು.

ಸೀಳು ಕೊರೆದರೆ ಮೇಲ್ಮೈ ಗುಂಟ ದಾರಿ ಸುತ್ತಿ ಹೋಗಬೇಕಾಗುತ್ತದೆ, ನಿಜ. ಮೂರನೆಯ ಹಂತದಲ್ಲಿ 1.5 ಮಿ.ಮೀ.ಗಿಂತ ಕಿರಿದಾದ ಸೀಳನ್ನು ಲೆಕ್ಕಕ್ಕೇ ಹಿಡಿಯುವಂತಿಲ್ಲ, ಏಕೆಂದರೆ ಕೊಳೆ ಅದಕ್ಕೆ ಸೇತುವೆ ಕಟ್ಟಿಬಿಡುತ್ತದೆ. 2 ಮಿ.ಮೀ. ಕೊಡಿ. ಆದರೂ ಈ ರಿಲೇಯನ್ನೇ ಇಟ್ಟುಕೊಂಡು ಸೀಳಿನಿಂದ ಪಾರಾಗಬಹುದು ಎಂದು ನಾನು ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ತೋಟಗಳ ತ್ರೀ ಫೇಸ್ ಸ್ಟಾರ್ಟರ್‌ಗಳಲ್ಲಿ ಬಹುಪಾಲಿನ ಕಾಯಿಲ್ 415 ವೋಲ್ಟ್‌ನದು. ಎರಡು ಫೇಸ್‌ಗಳ ನಡುವೆ ಕಟ್ಟಿರುತ್ತಾರೆ. ನಿಮ್ಮ ರಿಲೇಯ ಮೈಮೇಲೆ ಬರೆದಿರುವುದು 250 ವೋಲ್ಟ್ ಎ.ಸಿ. ಒಂದು ಹಂಗಾಮು ಅದು ಕೆಲಸ ಮಾಡಿತು, ನಾನು ನಂಬುತ್ತೇನೆ. ಸಂಪರ್ಕ ಬಿಡಿಸುವಾಗ ಕಿಡಿ ಆರದೆ ಎಂದಾದರೊಂದು ದಿನ ಬಿಂದುಗಳು ಬೆಸೆದುಕೊಂಡರೆ, ಪಂಪ್ ನಿಲ್ಲಿಸು ಎಂದು ನೀವು ಎಷ್ಟು ಸಂದೇಶ ಕಳಿಸಿದರೂ ಅದು ನಿಲ್ಲುವುದಿಲ್ಲ. ಮೊದಲು ಸ್ಟಾರ್ಟರ್ ಮುಚ್ಚಳ ತೆಗೆಸಿ ಕಾಯಿಲ್ ಮೇಲಿನ ಬರಹ ಓದಿ. 415 ಆಗಿದ್ದರೆ, 440 ವೋಲ್ಟ್ ಎ.ಸಿ. ಬಿಡಿಸಬಲ್ಲ, ಕಾಯಿಲ್ ಕಾಲುಗಳು ಒಂದು ತುದಿಗೂ ಸಂಪರ್ಕದ ಕಾಲುಗಳು ಇನ್ನೊಂದು ತುದಿಗೂ ಇರುವ ರಿಲೇ ಹುಡುಕಿ. ಅವುಗಳ ಡೇಟಾಶೀಟ್‌ನಲ್ಲಿ ಎರಡರ ನಡುವೆ 8 ಮಿ.ಮೀ. ಎಂದು ಬರೆದಿರುತ್ತದೆ. ಇಲ್ಲವೇ ನ್ಯೂಟ್ರಲ್ ಲಭ್ಯವಿರುವ ಕಡೆ ಸ್ಟಾರ್ಟರ್‌ನ ಕಾಯಿಲನ್ನೇ 240 ವೋಲ್ಟ್‌ನದಕ್ಕೆ ಬದಲಿಸಬಹುದು. ಆದರೆ ನೆರೆಯವರ ತೋಟಗಳಲ್ಲೆಲ್ಲ ನ್ಯೂಟ್ರಲ್ ತಂತಿ ಇದ್ದೇ ಇರುತ್ತದೆ ಎಂದು ನಂಬಿ ಕೂರಬೇಡಿ. ಫೇಸ್ ಅಳೆಯುವ ರೆಸಿಸ್ಟರ್‌ಗಳನ್ನೂ ಹೀಗೆಯೇ ನೋಡಿ. 415 ವೋಲ್ಟ್‌ನ ತುದಿಬೆಲೆ 587. 1206 ಗಾತ್ರದ ಒಂದು ರೆಸಿಸ್ಟರ್ ಸಾಮಾನ್ಯವಾಗಿ 200 ವೋಲ್ಟ್‌ವರೆಗೆ ಮಾತ್ರ. ಒಂದರ ಹಿಂದೆ ಒಂದರಂತೆ ನಾಲ್ಕು ಇಡಿ.

ಗೆಳೆಯರ ಸಲಹೆಗಳಿಗೆ ಬರುತ್ತೇನೆ. ಚಿನ್ನದ ಲೇಪನ ಪ್ಯಾಡ್‌ಗಳ ಮೇಲೆ ಮಾತ್ರ ಇರುತ್ತದೆ. ಚಿನ್ನದ ದಪ್ಪ ಒಂದು ಮೈಕ್ರಾನ್‌ನ ಹತ್ತನೇ ಒಂದು ಪಾಲಿಗೂ ಕಡಿಮೆಯೇ, ಅದರಡಿ ನಿಕಲ್. ಅದು ಪ್ಯಾಡನ್ನು ಸಪಾಟಾಗಿಡುತ್ತದೆ. ಸಣ್ಣ ಕಾಲಿನ ಚಿಪ್‌ಗಳಿಗೆ ಬೆಸುಗೆ ಚೆನ್ನಾಗಿ ಹತ್ತುತ್ತದೆ, ಬೋರ್ಡ್ ತಿಂಗಳುಗಟ್ಟಲೆ ಕಪಾಟಿನಲ್ಲಿದ್ದರೂ ಕೆಡುವುದಿಲ್ಲ. ಬೆಸುಗೆ ಹಾಕಿದ ಮೇಲೆ ಮಳೆಯಿಂದ ಕಾಪಾಡುವ ಶಕ್ತಿ ಅದಕ್ಕಿಲ್ಲ. ನಿಮ್ಮ ಬೋರ್ಡ್‌ನಲ್ಲಿ ಅತಿ ಕಿರಿದೆಂದರೆ ಅರ್ಧ ಮಿ.ಮೀ. ಅಂತರದ ಮೈಕ್ರೊಕಂಟ್ರೋಲರ್ ಒಂದೇ. ತವರದ ಲೇಪನ, ಅಂದರೆ ಎಚ್‌ಎಎಸ್‌ಎಲ್, ಸಾಕಾಗುತ್ತದೆ. ಕೈಯಲ್ಲಿ ಬೆಸೆಯದೆ ಕಾರ್ಖಾನೆಗೇ ಜೋಡಣೆ ಕೊಡುವುದಾದರೆ ಚಿನ್ನಕ್ಕೆ ಹೆಚ್ಚು ಕೊಟ್ಟರೂ ತಪ್ಪಿಲ್ಲ. ತೇವದ ಊರಿಗೆ ನಾನು ಬೇಡವೆನ್ನುವುದು ಒಎಸ್‌ಪಿ ಎಂಬ ತೆಳು ಸಾವಯವ ಲೇಪನವನ್ನು. ಬೆಸುಗೆಗೆ ಮುನ್ನ ತೇವದಲ್ಲಿ ಕೆಲಕಾಲ ಇಟ್ಟರೂ ಅದು ಹಾಳಾಗುತ್ತದೆ.

ದಪ್ಪ ತಾಮ್ರವೂ ನಿಮಗೆ ಬೇಕಿಲ್ಲ. ಮೋಟಾರಿನ ಹದಿನಾಲ್ಕೋ ಹದಿನೈದೋ ಆಂಪಿಯರ್ ನಿಮ್ಮ ಬೋರ್ಡ್ ಮೂಲಕ ಹರಿಯುವುದೇ ಇಲ್ಲ, ಅದು ಸ್ಟಾರ್ಟರ್‌ನೊಳಗಿನ ಕಾಂಟ್ಯಾಕ್ಟರ್‌ನಲ್ಲಿ ಹೋಗುತ್ತದೆ. ನಿಮ್ಮಲ್ಲಿ ಹರಿಯುವುದು ಕಾಯಿಲ್‌ನ ಅಲ್ಪ ಪ್ರವಾಹ. ಮಾಮೂಲಿ 35 ಮೈಕ್ರಾನ್ ತಾಮ್ರದಲ್ಲಿ ಒಂದು ಆಂಪಿಯರ್‌ಗೆ 0.3 ಮಿ.ಮೀ. ಟ್ರ್ಯಾಕ್ ಹತ್ತು ಡಿಗ್ರಿಯಷ್ಟೇ ಬಿಸಿಯಾಗುತ್ತದೆ. ಐದು ಆಂಪಿಯರ್‌ಗೆ ಸುಮಾರು 2.8 ಮಿ.ಮೀ. ಬೇಕು. ದಪ್ಪ ತಾಮ್ರ ಹಾಕಿಸಿದರೆ ಟ್ರ್ಯಾಕ್‌ಗಳ ನಡುವಿನ ಕನಿಷ್ಠ ಅಂತರವನ್ನೂ ಹೆಚ್ಚಿಸಬೇಕಾಗುತ್ತದೆ. ನೀವು ಅಗಲ ಮಾಡಬೇಕಾದ್ದು ಜಿಎಸ್‌ಎಂ ಮಾಡ್ಯೂಲ್‌ಗೆ ಹೋಗುವ ವಿದ್ಯುತ್ ಟ್ರ್ಯಾಕನ್ನು. ಟವರ್ ದೂರವಿದ್ದಷ್ಟೂ ಅದು ಗಟ್ಟಿಯಾಗಿ ಕೂಗುತ್ತದೆ, ಆಗ ಕ್ಷಣಕ್ಷಣಕ್ಕೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ನಮ್ಮ ಕಣಿವೆಗಳಲ್ಲಿ ಟವರ್ ಯಾವಾಗಲೂ ದೂರವೇ. ನಿಮ್ಮ ಚಿತ್ರದಲ್ಲಿ ಆ ಟ್ರ್ಯಾಕ್ 0.25 ಮಿ.ಮೀ. ಇದೆ, ದೊಡ್ಡ ಕೆಪಾಸಿಟರ್ ಬೋರ್ಡ್‌ನ ಇನ್ನೊಂದು ಮೂಲೆಯಲ್ಲಿದೆ. ಅದನ್ನು ಮಾಡ್ಯೂಲ್‌ನ ಕಾಲಿನ ಪಕ್ಕಕ್ಕೇ ತನ್ನಿ, ಟ್ರ್ಯಾಕನ್ನು ಕನಿಷ್ಠ 1.5 ಮಿ.ಮೀ. ಮಾಡಿ.

90 ಡಿಗ್ರಿ ತಿರುವಿನ ಭಯವನ್ನು ಬಿಡಿ. ಆ ಮೂಲೆಗಳಲ್ಲಿ ರಾಸಾಯನಿಕ ನಿಂತು ತಾಮ್ರವನ್ನು ತಿಂದುಹಾಕುತ್ತದೆ ಎಂಬ ಮಾತು ಹಳೆಯ ಕಾಲದ್ದು. ಈಗಿನ ಯಂತ್ರಗಳಲ್ಲಿ, ನಿಮ್ಮ ವೇಗದ ಸರ್ಕ್ಯೂಟ್‌ಗೆ, ಅದರಿಂದ ಏನೂ ಆಗದು. ಹಸಿರು ಮಾಸ್ಕ್ ಮೇಲೆ ನೀರು ಬಿದ್ದರೂ ಒಳಗಿನ ತಾಮ್ರ ಸುರಕ್ಷಿತ ಎಂಬ ನಂಬಿಕೆ ಮಾತ್ರ ಅಪಾಯಕಾರಿ. ನೀವು ಅದನ್ನು ಬರೆದಿಲ್ಲ, ಆದರೆ ಲೈನ್ ಟ್ರ್ಯಾಕ್‌ಗಳನ್ನು ಅಷ್ಟು ಹತ್ತಿರ ಇಟ್ಟಿರುವುದನ್ನು ನೋಡಿದರೆ ಮನಸ್ಸಿನಲ್ಲಿ ಅದೇ ಇದ್ದಿರಬೇಕು. ಮಾಸ್ಕ್ ಇರುವುದು ಬೆಸುಗೆ ಹರಡದಿರಲಿ ಎಂದು. ಅದನ್ನು ನಿರೋಧಕವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ಮಳೆಗಾಲದಲ್ಲಿ ಬೋರ್ಡ್ ಕೆಡುವುದು ನೀರು ಸುರಿದು ಅಲ್ಲ. ಕುಶಾಲನಗರದ ನನ್ನ ದುರಸ್ತಿ ಮೇಜಿಗೆ ಬರುವವುಗಳಲ್ಲಿ ಹೆಚ್ಚಿನವು ಹನಿ ನೀರನ್ನೂ ಕಾಣದವು. ಹೋದ ವರ್ಷ ಸುಂಟಿಕೊಪ್ಪದ ಕಡೆಯಿಂದ ಒಂದು ಬಂತು. ಎರಡು ಪ್ಯಾಡ್‌ಗಳ ನಡುವೆ ಜರೀಗಿಡದ ಎಲೆಯಂತೆ ಕವಲೊಡೆದ ಲೋಹದ ಎಳೆಗಳು ಬೆಳೆದಿದ್ದವು. ಬೆಸುಗೆ ಹತ್ತಲೆಂದು ಹಚ್ಚಿ ಉಳಿದುಹೋದ ಫ್ಲಕ್ಸ್, ಗಾಳಿಯ ತೇವ, ಡಿ.ಸಿ. ವೋಲ್ಟೇಜ್, ಈ ಮೂರೂ ಕೂಡಿದರೆ ಲೋಹ ಒಂದು ಪ್ಯಾಡಿನಿಂದ ಕರಗಿ ಇನ್ನೊಂದರ ಮೇಲೆ ಬೆಳೆಯುತ್ತದೆ. ಮರ ಬಿದ್ದು ಎರಡು ದಿನ ಕರೆಂಟ್ ಹೋದಾಗ ಬೋರ್ಡ್ ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ. ಕರೆಂಟ್ ಬಂದ ಮೊದಲ ಕೆಲವು ನಿಮಿಷಗಳಲ್ಲೇ ಕೇಡು ನಡೆದುಹೋಗುತ್ತದೆ. ಆದ್ದರಿಂದ ಹಣವನ್ನು ಚಿನ್ನಕ್ಕೆ ಹಾಕುವ ಬದಲು ತೊಳೆಯುವುದಕ್ಕೆ ಮತ್ತು ಮೇಲ್ಲೇಪಕ್ಕೆ ಹಾಕಿ. ಫ್ಲಕ್ಸ್ ಡಬ್ಬಿಯ ಮೇಲೆ ತೊಳೆಯಬೇಕಿಲ್ಲ ಎಂದು ಬರೆದಿದ್ದರೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಬ್ರಷ್ ಹಾಕಿ ತೊಳೆಯಿರಿ, ಬೆಚ್ಚಗೆ ಒಣಗಿಸಿ, ಅದೇ ದಿನ ಅಕ್ರಿಲಿಕ್ ಲೇಪ ಹೊಡೆಯಿರಿ. ತೇವದ ಮೇಲೆ ಹೊಡೆದರೆ ತೇವವನ್ನು ಒಳಗೇ ಬಂಧಿಸಿದಂತೆ. ಸಿಲಿಕೋನ್ ಹೆಚ್ಚು ಬಾಳುತ್ತದೆ, ಆದರೆ ದುರಸ್ತಿಗೆ ಬಂದಾಗ ಕೀಳಲು ಬಲು ಕಷ್ಟ. ಟರ್ಮಿನಲ್, ಸಿಮ್ ಗೂಡು, ಮುಚ್ಚಿಲ್ಲದ ರಿಲೇ ಇವುಗಳಿಗೆ ಲೇಪ ತಾಗದಂತೆ ಟೇಪ್ ಹಚ್ಚಿ. ಪೆಟ್ಟಿಗೆಗೆ ಕೇಬಲ್ ಕೆಳಗಿನಿಂದ ಬರಲಿ, ಗ್ಲ್ಯಾಂಡ್ ಬಿಗಿಯಾಗಿರಲಿ. ಇರುವೆಗಳು ಬೆಚ್ಚಗಿನ ಪೆಟ್ಟಿಗೆ ಹುಡುಕಿಕೊಂಡು ಬಂದು ಸ್ಟಾರ್ಟರ್‌ನಲ್ಲಿ ಗೂಡು ಕಟ್ಟಿದ್ದನ್ನು ನೀವೂ ಕಂಡಿರುತ್ತೀರಿ.

ಹೊಸ ಫೈಲ್ ಕಳಿಸುವ ಮುನ್ನ ಒಂದು ಸಂಜೆ ಈ ಕೆಲಸಕ್ಕೆ ಕೊಡಿ. ವಿನ್ಯಾಸವನ್ನು ಕಾಗದದ ಮೇಲೆ ನೂರಕ್ಕೆ ನೂರು ಅಳತೆಯಲ್ಲಿ ಮುದ್ರಿಸಿ, ಸ್ಕೇಲ್ ಇಟ್ಟು ಅಳೆದು, ಥರ್ಮಾಕೋಲ್ ಹಾಳೆಗೆ ಅಂಟಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ನಿಜವಾದ ಬಿಡಿಭಾಗಗಳನ್ನೇ ಅದರಲ್ಲಿ ಚುಚ್ಚಿ. ರಿಲೇಯ ಕಾಲು ಕೂರುತ್ತದೆಯೇ, ಟರ್ಮಿನಲ್‌ನ ತಂತಿ ತೂರುವ ಬಾಯಿ ಹೊರಗೆ ಮುಖ ಮಾಡಿದೆಯೇ, ಡೇಟಾಶೀಟ್‌ನಲ್ಲಿ ಕೆಳಗಿನಿಂದ ನೋಡಿದಂತೆ ಬರೆದ ಚಿತ್ರವನ್ನು ಮೇಲಿನಿಂದ ಎಂದು ತಿಳಿದು ಕನ್ನಡಿಬಿಂಬ ಮಾಡಿದ್ದೀರಾ, ಎಲ್ಲವೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬಿಡಿಭಾಗದ ಕಾಲುಗಳಿಗಾಗಿ ಬರೆದ ಪ್ಯಾಡ್‌ಗಳ ಜೋಡಣೆಯ, ಅಂದರೆ ಫುಟ್‌ಪ್ರಿಂಟ್‌ನ ತಪ್ಪನ್ನು ಯಾವ ಕಾರ್ಖಾನೆಯೂ ಹಿಡಿಯಲಾರದು, ಅವರ ಬಳಿ ನಿಮ್ಮ ರಿಲೇ ಇರುವುದಿಲ್ಲ. ಫೈಲ್ ಜತೆ ಒಂದು ಪುಟದ ಟಿಪ್ಪಣಿ ಇರಲಿ: ಎಫ್‌ಆರ್-4, 1.6 ಮಿ.ಮೀ., ತಾಮ್ರ 35 ಮೈಕ್ರಾನ್, ಲೇಪನ, ಸೀಳಿನ ಅಗಲ, ವಿದ್ಯುತ್ ಪರೀಕ್ಷೆ ಬೇಕು ಎಂಬ ಮಾತು.

ಜೋಡಣೆಯಲ್ಲಿ ಮಧ್ಯದ ದಾರಿಯೊಂದಿದೆ. ಚಿಕ್ಕ ಬಿಡಿಭಾಗಗಳನ್ನು ಕಾರ್ಖಾನೆ ಕೂರಿಸಲಿ. ರಿಲೇ, ಟರ್ಮಿನಲ್‌ಗಳನ್ನು ನೀವು ಬೆಸೆಯಿರಿ. ಡಯೋಡ್, ಚಿಪ್‌ಗಳ ದಿಕ್ಕು ಯಂತ್ರದ ಫೈಲ್‌ನಲ್ಲಿ ತಿರುಗಿ ಹೋಗುವುದು ತೀರಾ ಸಾಮಾನ್ಯ. ಮೊದಲ ಬೋರ್ಡ್‌ನ ಫೋಟೊ ನೋಡಿ ನೀವು ಒಪ್ಪುವವರೆಗೆ ಉಳಿದವನ್ನು ಮಾಡಬಾರದೆಂದು ಬರೆದು ಕಳಿಸಿ. ಎಲ್ಲವನ್ನೂ ಕೈಯಲ್ಲಿ ಬೆಸೆಯುವುದು ಅಗ್ಗ, ಆದರೆ ಜುಲೈನಲ್ಲಿ ತೆರೆದಿಟ್ಟ ಚಿಪ್‌ಗಳು ತೇವ ಕುಡಿದು, ಬಿಸಿಗಾಳಿಯಲ್ಲಿ ಬೆಸೆಯುವಾಗ ಒಳಗೇ ಬಿರಿಯಬಹುದು. ಪೊಟ್ಟಣ ಒಡೆದ ಮೇಲೆ ಬೇಗ ಮುಗಿಸಿ.

ವಿನ್ಯಾಸದಲ್ಲಿ ಒಂದು ಸ್ವಿಚ್ ಇಲ್ಲದಿರುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಯಾರೋ ಪಂಪಿನ ಫುಟ್‌ವಾಲ್ವ್ ಬಿಚ್ಚಿ ಕೈಹಾಕಿರುವಾಗ, ಅದು ತಿಳಿಯದ ಮನೆಯವರು ಮೈಸೂರಿನಿಂದ ಮೊಬೈಲ್ ಒತ್ತಿದರೆ? ಪೆಟ್ಟಿಗೆಯ ಹೊರಗೆ, ರಿಲೇಯ ಸಂಪರ್ಕದ ತಂತಿಯನ್ನೇ ಕಡಿಯುವ ಸ್ವಿಚ್ ಇರಲೇಬೇಕು. ಪ್ರೋಗ್ರಾಂ ಓದಿ ನಿರ್ಧರಿಸುವ ಸ್ವಿಚ್ ಸಾಲದು. ಅದಕ್ಕೆ ಎರಡು ಟರ್ಮಿನಲ್‌ಗಳ ಜಾಗ ಈಗಲೇ ಬಿಡಿ. ಸ್ಟಾರ್ಟರ್‌ನ ಓವರ್‌ಲೋಡ್ ರಿಲೇಯನ್ನು ಯಾವ ಕಾರಣಕ್ಕೂ ದಾಟಿಸಬೇಡಿ.

ಇಷ್ಟೆಲ್ಲ ಬದಲಾದ ಮೇಲೆ 25 ಮಾಡಿಸುವ ಮಾತು ಬೇಡ. ಐದರ ಬೆಲೆ ಹೆಚ್ಚೆನಿಸುವುದು ಫಿಲ್ಮ್, ಯಂತ್ರ ಸಿದ್ಧತೆಯ ಖರ್ಚು ಐದಕ್ಕೇ ಹಂಚಿಹೋಗುವುದರಿಂದ. ರಿಲೇಯನ್ನೇ ಬದಲಿಸಿದ ವಿನ್ಯಾಸದಲ್ಲಿ ಮೊದಲ ಸುತ್ತಿಗೆ ಒಂದಾದರೂ ತಪ್ಪು ಸಿಗದಿರುವುದು ಅಪರೂಪ. ಅದು ಐದು ಬೋರ್ಡ್‌ಗಳಲ್ಲೇ ಸಿಗಲಿ. ಮಳೆ ಹಿಡಿಯುವ ಮುನ್ನ ನಾಲ್ಕನ್ನು ಕೂರಿಸಿ, ಎರಡಕ್ಕೆ ಲೇಪ ಹೊಡೆದು, ಎರಡನ್ನು ಹಾಗೇ ಬಿಟ್ಟು. ಐದನೆಯದು ಮನೆಯ ಕಪಾಟಿನಲ್ಲಿರಲಿ, ಹೋಲಿಸಿ ನೋಡಲು. ಮಳೆಗಾಲದಲ್ಲಿ ಪಂಪಿಗೆ ಕೆಲಸವಿಲ್ಲದಿದ್ದರೂ ಬೋರ್ಡ್‌ಗಳಿಗೆ ವಿದ್ಯುತ್ ಇರಲಿ, ಕರೆಂಟ್ ಹೋಗಿ ಬರುವುದನ್ನು ಅವು ಅನುಭವಿಸಲಿ. ಸೆಪ್ಟೆಂಬರ್ ಆರಂಭದ ಕೈಲ್‌ಪೋದ್ ಹಬ್ಬ ಕಳೆದ ಮೇಲೆ ವಿದ್ಯುತ್ ಕಡಿದು, ಪೆಟ್ಟಿಗೆ ತೆರೆದು, ಭೂತಗನ್ನಡಿ ಹಿಡಿದು ರಿಲೇಯ ಕಾಲುಗಳ ಸುತ್ತ, ಮೈಕ್ರೊಕಂಟ್ರೋಲರ್‌ನ ಕಾಲುಗಳ ಸಂದಿಯಲ್ಲಿ ನೋಡಿ. ಹಸಿರು, ಬಿಳಿ ಪುಡಿ ಅಥವಾ ಕವಲೊಡೆದ ಎಳೆ ಕಂಡರೆ ಫೋಟೊ ತೆಗೆದು ಕಳಿಸಿ, ಕಾರಣ ಹುಡುಕೋಣ. ಏನೂ ಕಾಣದಿದ್ದರೆ ಅಕ್ಟೋಬರ್‌ನಲ್ಲಿ ಉಳಿದ ಇಪ್ಪತ್ತಕ್ಕೆ ಆರ್ಡರ್ ಕೊಡಿ. ಕೊಯ್ಲಿನ ಗಡಿಬಿಡಿ ಮುಗಿದು ಮತ್ತೆ ಸ್ಪ್ರಿಂಕ್ಲರ್ ಪೈಪ್ ಎಳೆಯುವ ಹೊತ್ತಿಗೆ ಅವು ಗೋಡೆಯ ಮೇಲಿರುತ್ತವೆ.